ಏಕಾರ್ನ್ ಅಂದ್ರೆ ಯಾವ ಏಕಾರ್ನ್? ಪದೇ ಪದೇ ಕೇಳುವ ಪ್ರಶ್ನೆಗಳು

ಏಕಾರ್ನ್ ಎಂಬ ಇಂಗ್ಲಿಷ್ ಪದ ಎಲ್ಲೆಲ್ಲೋ ಎದುರಾಗುತ್ತದೆ. ಮಕ್ಕಳ ಚಿತ್ರಪುಸ್ತಕದಲ್ಲಿ ಅಳಿಲಿನ ಕೈಯಲ್ಲಿರುತ್ತದೆ. ಪಿಯುಸಿ ಜೀವಶಾಸ್ತ್ರದಲ್ಲಿ ಒಂದು ಹುಳುವಿನ ಹೆಸರಾಗಿ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅದು ನಟ್. ಹಳೇ ಕಂಪ್ಯೂಟರ್ ಹುಚ್ಚಿರುವವರ ಬಾಯಲ್ಲಿ ಅದು ಒಂದು ಕಂಪನಿ. ನಮ್ಮ ಕಾಡುಗಳಲ್ಲಿ ಓಕ್ ಮರವೇ ಇಲ್ಲದ ಕಾರಣ ಗೊಂದಲ ಸ್ವಲ್ಪ ಜಾಸ್ತಿ. ಎಲ್ಲವನ್ನೂ ಓದಬೇಕೆಂದಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ.

ಮೂಲದಲ್ಲಿ ಏಕಾರ್ನ್ ಅಂದ್ರೆ ಏನು?

ಓಕ್ ಮರದ ಕಾಯಿ. ಹೊರಗೆ ನುಣುಪಾದ ಗಟ್ಟಿ ಸಿಪ್ಪೆ, ಒಳಗೆ ಸಾಮಾನ್ಯವಾಗಿ ಒಂದೇ ಬೀಜ, ಒಂದು ತುದಿಗೆ ಪುಟ್ಟ ಬಟ್ಟಲು. ಚಿತ್ರಗಳಲ್ಲಿ ಈ ಬಟ್ಟಲನ್ನು ಟೋಪಿಯ ಹಾಗೆ ಬರೆಯುತ್ತಾರೆ. ನಿಜದಲ್ಲಿ ಅದು ಕಾಯಿಯ ತೊಟ್ಟಿನ ಕಡೆ ಇರುತ್ತದೆ. ಕಾಯಿ ಬಲಿತ ಮೇಲೆ ಬಟ್ಟಲಿನಿಂದ ಕಳಚಿಕೊಂಡು ಉದುರುತ್ತದೆ. ಇನ್ನೊಂದು ತುದಿ ಚೂಪು. ಮೊಳಕೆಯ ಬೇರು ಹೊರಡುವುದು ಆ ಚೂಪು ತುದಿಯಿಂದ.

ಓಕ್‌ನಲ್ಲಿ 400ಕ್ಕೂ ಹೆಚ್ಚು ಜಾತಿಗಳಿವೆ, ಕಾಯಿಯ ರೂಪವೂ ಅಷ್ಟೇ ಬಗೆ. ಕೆಲವು ಕಡಲೆಕಾಳಿಗಿಂತ ಸ್ವಲ್ಪ ದೊಡ್ಡವು, ಕೆಲವು ಹೆಬ್ಬೆರಳಿಗಿಂತ ದಪ್ಪ. ಬಟ್ಟಲಿನ ಮೇಲೆ ಕೆಲವಕ್ಕೆ ಒಂದರ ಮೇಲೊಂದು ಕೂತ ಸಣ್ಣ ಹೊಪ್ಪಳೆಗಳು, ಕೆಲವಕ್ಕೆ ದಾರ ಬಿಟ್ಟಂಥ ಅಂಚು. ಬಿಳಿ ಓಕ್ ಗುಂಪಿನ ಕಾಯಿ ಒಂದೇ ವರ್ಷದಲ್ಲಿ ಬಲಿಯುತ್ತದೆ. ಕೆಂಪು ಓಕ್ ಗುಂಪಿನದಕ್ಕೆ ಎರಡು ವರ್ಷ ಬೇಕು.

ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದು ನಿಜವಾದ ನಟ್. ನಾವು ನಟ್ಸ್ ಎಂದು ಡಬ್ಬಿಯಲ್ಲಿ ತುಂಬಿಡುವ ಬಾದಾಮಿ, ಗೋಡಂಬಿ ಆ ಲೆಕ್ಕದಲ್ಲಿ ನಟ್ ಅಲ್ಲವೇ ಅಲ್ಲ!

ಕನ್ನಡದಲ್ಲಿ ಇದಕ್ಕೆ ಏನನ್ನಬೇಕು?

ಮರ ಇಲ್ಲದ ಕಡೆ ಹೆಸರು ಹುಟ್ಟುವುದಿಲ್ಲ. ‘ಓಕ್ ಕಾಯಿ’ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಸುಮ್ನೆ ಸಂಸ್ಕೃತದಿಂದ ಪದ ಕಟ್ಟಿ ತರುವುದು ನನಗೆ ಹಿಡಿಸುವುದಿಲ್ಲ. ಹಿಂದಿಯಲ್ಲಿ ಓಕ್ ಮರಕ್ಕೆ ಬಲೂತ್ ಎನ್ನುತ್ತಾರೆ. ಅದು ಅರಬ್ಬಿಯಿಂದ ಬಂದ ಪದ. ಅದೇ ಅರಬ್ಬಿ ಪದ ಇನ್ನೊಂದು ದಿಕ್ಕಿಗೆ ಹೋಗಿ ಸ್ಪೇನಿನಲ್ಲಿ ‘ಬೆಯೋತ’ ಆಯಿತು, ಅಲ್ಲಿ ಅದರ ಅರ್ಥ ಓಕ್ ಕಾಯಿ. ಸ್ಪೇನಿನ ಈ ಪದ ಮುಂದೆ ಹಂದಿಮಾಂಸದ ವಿಚಾರದಲ್ಲಿ ಮತ್ತೆ ಬರುತ್ತದೆ.

ಕಾಫಿ ತೋಟದ ಸಿಲ್ವರ್ ಓಕ್‌ನಲ್ಲಿ ಏಕಾರ್ನ್ ಬಿಡುತ್ತದಾ?

ಇಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಹೆಸರಿಗೆ ಮಾತ್ರ ಓಕ್. ಅದು ಆಸ್ಟ್ರೇಲಿಯಾದಿಂದ ಬಂದ ಗ್ರೆವಿಲಿಯಾ ರೊಬಸ್ಟ. ಮೆಕಡೇಮಿಯಾ ಅದರ ಸಂಬಂಧಿ, ಓಕ್‌ಗೂ ಅದಕ್ಕೂ ನಂಟಿಲ್ಲ. ಅದರ ಮರ ಕೊಯ್ದಾಗ ಕಾಣುವ ಗೆರೆಗಳು ಓಕ್ ಹಲಗೆಯನ್ನು ಹೋಲುತ್ತವೆ, ಅದಕ್ಕೇ ಈ ಹೆಸರು.

ಮೆಣಸಿನ ಬಳ್ಳಿ ಹಬ್ಬಿಸಿದ ಮರದ ಬುಡದಲ್ಲಿ ನಿಂತು ನೋಡಿ. ಜರಿಗಿಡದ ಎಲೆಯಂತೆ ಸೀಳಿದ ಎಲೆಗಳು, ಕಿತ್ತಳೆ ಬಣ್ಣದ ಹೂಗೊಂಚಲು, ಆಮೇಲೆ ಕಪ್ಪಗಾಗಿ ಬಾಯಿಬಿಡುವ ಸಣ್ಣ ಕಾಯಿ. ಒಳಗಿನ ಬೀಜಕ್ಕೆ ಕಾಗದದಷ್ಟು ತೆಳು ರೆಕ್ಕೆ. ಅದು ಗಾಳಿಯಲ್ಲಿ ಹಾರಿ ಹೋಗುವ ಬೀಜ. ಓಕ್ ಕಾಯಿಗೆ ಹಾರುವ ಯೋಗವಿಲ್ಲ. ಯಾರಾದರೂ ಹೊತ್ತುಕೊಂಡು ಹೋಗಬೇಕು.

ಹಾಗಾದರೆ ಭಾರತದಲ್ಲಿ ನಿಜವಾದ ಏಕಾರ್ನ್ ಎಲ್ಲಿ ಸಿಗುತ್ತದೆ?

ಹಿಮಾಲಯದ ಉದ್ದಕ್ಕೂ, ಈಶಾನ್ಯದ ಬೆಟ್ಟಗಳಲ್ಲಿ. ನೈನಿತಾಲ್, ಮಸ್ಸೂರಿ, ಶಿಮ್ಲಾ ಕಡೆ ಪ್ರವಾಸ ಹೋದವರು ಬಾಂಜ್ ಎಂಬ ಓಕ್ ಮರದ ಕೆಳಗೆ ನಡೆದಿರುತ್ತೀರಿ, ಗಮನಿಸಿರಲಿಕ್ಕಿಲ್ಲ ಅಷ್ಟೇ. ಎಲೆ ಮೇಲೆ ಹಸಿರು, ಅಡಿಯಲ್ಲಿ ಬಿಳಿ. ಗಾಳಿ ಬೀಸಿದರೆ ಇಡೀ ಮರದ ಬಣ್ಣ ಬದಲಾಗುತ್ತದೆ. ಇನ್ನೂ ಮೇಲಕ್ಕೆ ಹೋದರೆ ಮೊರು, ಅದಕ್ಕೂ ಮೇಲೆ ಖರ್ಸು. ಖರ್ಸುವಿನ ಕಾಯಿ ಮಳೆಗಾಲದಲ್ಲೇ ಉದುರಿ, ತಡಮಾಡದೆ ಮೊಳಕೆಯೊಡೆಯುತ್ತದೆ. ಅಲ್ಲಿನ ಹೆಂಗಸರಿಗೆ ಬಾಂಜ್ ಸೊಪ್ಪು ದನದ ಮೇವು. ಕಾಯಿ ಕರಡಿ, ಲಂಗೂರ್‌ಗಳ ಪಾಲು.

ಮಣಿಪುರದಲ್ಲಿ ಓಕ್ ಎಲೆ ತಿನ್ನಿಸಿ ಟಸ್ಸಾರ್ ರೇಷ್ಮೆ ಹುಳು ಸಾಕುತ್ತಾರೆ. ಅದರ ಉಸ್ತುವಾರಿ ನೋಡುವ ಕೇಂದ್ರ ರೇಷ್ಮೆ ಮಂಡಳಿಯ ಮುಖ್ಯ ಕಚೇರಿ ಇರುವುದು ಬೆಂಗಳೂರಿನಲ್ಲಿ. ಓಕ್ ಮರವಿಲ್ಲದ ಊರಲ್ಲಿ ಕೂತು ಓಕ್ ರೇಷ್ಮೆಯ ಲೆಕ್ಕ!

ಗ್ರಂದಿಗೆ ಅಂಗಡಿಯ ಮಾಚಿಕಾಯಿ ಇದೇ ಏನು?

ಮರ ಓಕ್ ಹೌದು, ಕಾಯಿ ಅಲ್ಲ. ಮಾಚಿಕಾಯಿ ಟರ್ಕಿ, ಇರಾನ್ ಕಡೆ ಬೆಳೆಯುವ ಒಂದು ಓಕ್ ಜಾತಿಯ ಗಂಟು. ಒಂದು ಬಗೆಯ ಪುಟ್ಟ ಕಣಜ ಎಳೆ ಚಿಗುರಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಬೆಳೆಯುತ್ತಾ ಹೋದಂತೆ ಮರ ಅದರ ಸುತ್ತ ಗುಂಡಗೆ ಊದಿಕೊಳ್ಳುತ್ತದೆ. ಮನೆಯಲ್ಲಿರುವ ಮಾಚಿಕಾಯಿಯನ್ನು ತಿರುಗಿಸಿ ನೋಡಿ. ಕೆಲವದರಲ್ಲಿ ಸೂಜಿಯಿಂದ ಚುಚ್ಚಿದಂಥ ಒಂದು ತೂತು ಇರುತ್ತದೆ. ಕಣಜ ದೊಡ್ಡದಾಗಿ ಹೊರಗೆ ಹೋದ ಬಾಗಿಲು ಅದು. ತೂತಿಲ್ಲದ ಕಾಯಿಗೆ ಬೆಲೆ ಜಾಸ್ತಿ, ಅದರಲ್ಲಿ ಒಗರು ಹೆಚ್ಚು ಎಂಬ ಲೆಕ್ಕ.

ಯುರೋಪಿನಲ್ಲಿ ಇದೇ ಗಂಟನ್ನು ಕುಟ್ಟಿ, ಅನ್ನಭೇದಿ ಸೇರಿಸಿ ಶತಮಾನಗಳ ಕಾಲ ಬರೆಯುವ ಮಸಿ ಮಾಡಿದರು. ನಮ್ಮಲ್ಲಿ ಬಾಣಂತಿ ಮದ್ದಿನ ಡಬ್ಬಿಯಲ್ಲಿ ಅದಕ್ಕೆ ಖಾಯಂ ಜಾಗ. ಮಗುವಿಗೆ ತೇಯ್ದು ಕೊಡುವ ಮುಂಚೆ ಮಾತ್ರ ಡಾಕ್ಟರನ್ನು ಒಂದು ಮಾತು ಕೇಳಿ.

ಏಕಾರ್ನ್ ತಿನ್ನಬಹುದಾ?

ಹಸಿಯಾಗಿ ಬೇಡ. ಅದರಲ್ಲಿ ಟ್ಯಾನಿನ್ ತುಂಬಾ ಇದೆ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ: ಅಡಿಕೆ ಬೇಯಿಸಿದಾಗ ಬರುವ ಚೊಗರಿಗೆ ಆ ಬಣ್ಣ, ಆ ಒಗರು ಕೊಡುವುದೂ ಟ್ಯಾನಿನ್ನೇ. ಟ್ಯಾನಿನ್ ನೀರಿನಲ್ಲಿ ಕರಗುತ್ತದೆ. ಹಾಗಾಗಿ ಸಿಪ್ಪೆ ಬಿಡಿಸಿ, ನುಚ್ಚು ಅಥವಾ ಹಿಟ್ಟು ಮಾಡಿ, ನೀರು ಬದಲಿಸುತ್ತಾ ತೊಳೆದರೆ ಕಾಯಿ ಊಟಕ್ಕೆ ಬರುತ್ತದೆ. ಬಿಸಿನೀರಲ್ಲಿ ಬೇಗ ಆಗುತ್ತದೆ, ಆದರೆ ಹಿಟ್ಟಿನ ಅಂಟು ಹೋಗುತ್ತದೆ. ರೊಟ್ಟಿಯಂಥದ್ದು ಮಾಡಬೇಕಾದರೆ ತಣ್ಣೀರೇ ಸರಿ. ಎಷ್ಟು ಹೊತ್ತು ಎಂದು ಕೇಳಿದರೆ ಉತ್ತರವಿಲ್ಲ, ಜಾತಿಯಿಂದ ಜಾತಿಗೆ ವ್ಯತ್ಯಾಸ. ನಾಲಿಗೆಗೆ ಒಗರು ಹತ್ತದಷ್ಟು ಹೊತ್ತು, ಅಷ್ಟೇ.

ಈ ಕೆಲಸದಲ್ಲಿ ನಿಜವಾದ ಕೈ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳದ್ದು. ಮಿವೊಕ್, ಪೋಮೊ, ಯೂರೊಕ್ ಮುಂತಾದ ಎಷ್ಟೋ ಜನಾಂಗಗಳಿಗೆ ನಮಗೆ ರಾಗಿ, ಅಕ್ಕಿ ಹೇಗೋ ಅವರಿಗೆ ಇದು ಹಾಗೆ. ಶರತ್ಕಾಲದಲ್ಲಿ ಆರಿಸಿ ತಿಂಗಳುಗಟ್ಟಲೆ ಒಣಗಿಸಿ ಇಡುತ್ತಿದ್ದರು. ಆಮೇಲೆ ಕಲ್ಲಿನ ಮೇಲೆ ಒಂದೊಂದೇ ಕಾಯಿ ನಿಲ್ಲಿಸಿ ಇನ್ನೊಂದು ಕಲ್ಲಿಂದ ಒಡೆಯುವುದು. ಬೇಳೆಗೆ ಅಂಟಿದ ಕೆಂಪು ಪೊರೆಯನ್ನು ಉಜ್ಜಿ, ಬುಟ್ಟಿಯಲ್ಲಿ ಕೇರಿ ತೆಗೆಯುವುದು. ಬಂಡೆಯ ಒರಳಲ್ಲಿ ಕುಟ್ಟಿ, ನಯವಾದ ಹಿಟ್ಟು ಬೇರೆ ಮಾಡಿ, ತರಿ ಉಳಿದರೆ ಮತ್ತೆ ಒರಳಿಗೆ. ಹೊಳೆಯ ಪಕ್ಕ ಮರಳಿನಲ್ಲಿ ಅಗಲವಾದ ತಗ್ಗು ಮಾಡಿ ಹಿಟ್ಟು ಹರಡುತ್ತಾರೆ. ಮೇಲಿಂದ ನೀರು ನೇರವಾಗಿ ಬಿದ್ದರೆ ಹಿಟ್ಟು ಕುಳಿ ಬೀಳುತ್ತದೆ, ಅದಕ್ಕೆ ನಡುವೆ ಮರದ ಸೊಪ್ಪು ಇಟ್ಟು ಅದರ ಮೇಲೆ ಸುರಿಯುತ್ತಾರೆ. ಒಗರು ಮರಳಿಗೆ ಇಳಿದು ಹೋಗುತ್ತದೆ.

ಬೇಯಿಸುವುದು ಇನ್ನೂ ಚೆಂದ. ಪಾತ್ರೆ ಇಲ್ಲ. ನೀರು ಸೋರದಷ್ಟು ಒತ್ತಾಗಿ ಹೆಣೆದ ಬುಟ್ಟಿಯಲ್ಲಿ ಹಿಟ್ಟು, ನೀರು ಹಾಕಿ, ಬೆಂಕಿಯಲ್ಲಿ ಕಾಯಿಸಿದ ಕಲ್ಲುಗಳನ್ನು ಅದರೊಳಗೆ ಬಿಡುವುದು. ಬುಟ್ಟಿ ಸುಡದ ಹಾಗೆ ಕೈ ಬಿಡದೆ ತಿರುಗಿಸುತ್ತಿರಬೇಕು. ಸ್ವಲ್ಪ ಹೊತ್ತಿಗೆ ಅಂಬಲಿ ಕೊತಕೊತ ಕುದಿಯುತ್ತದೆ. ಈಗಲೂ ಕೆಲವು ಮನೆಗಳಲ್ಲಿ, ಹಬ್ಬಗಳಲ್ಲಿ ಇದನ್ನು ಮಾಡುತ್ತಾರೆ. ಆ ರಾಜ್ಯದಲ್ಲಿರುವ ಕನ್ನಡಿಗರು ಪೈನ್ ಗ್ರೋವ್ ಊರಿನ ಹತ್ತಿರದ ಇಂಡಿಯನ್ ಗ್ರೈಂಡಿಂಗ್ ರಾಕ್ ಉದ್ಯಾನ ನೋಡಿಬನ್ನಿ. ಒಂದೇ ಹಾಸುಬಂಡೆಯಲ್ಲಿ 1,185 ಒರಳುಕುಣಿಗಳಿವೆ.

ಇವತ್ತು ಅಂಗಡಿಯಲ್ಲಿ ಸಿಗುವ ಏಕಾರ್ನ್ ತಿಂಡಿ ಯಾವುದಾದರೂ ಇದೆಯಾ?

ಕೊರಿಯಾದ ದೊತೊರಿಮುಕ್. ಓಕ್ ಕಾಯಿಯ ಪಿಷ್ಟವನ್ನು ನೀರಿನಲ್ಲಿ ಕದಡಿ, ಒಲೆಯ ಮೇಲೆ ತಿರುವಿ, ತಟ್ಟೆಗೆ ಸುರಿದು ಗಟ್ಟಿಯಾಗಲು ಬಿಡುತ್ತಾರೆ. ನಮ್ಮ ಹಾಲುಬಾಯಿ ಥರ ಕತ್ತರಿಸಬಹುದು, ಬಣ್ಣ ಕಂದು, ಸಿಹಿ ಮಾತ್ರ ಇಲ್ಲ. ಸೋಯಾ ಸಾಸ್, ಎಳ್ಳೆಣ್ಣೆ, ಈರುಳ್ಳಿ ಸೊಪ್ಪು ಹಾಕಿ ತಿನ್ನುತ್ತಾರೆ. ಪಿಷ್ಟದ ಪುಡಿ ಕೊರಿಯನ್ ಅಂಗಡಿಗಳಲ್ಲಿ ಪ್ಯಾಕೆಟ್ಟಿನಲ್ಲೇ ಸಿಗುತ್ತದೆ. ಮನೆಯಲ್ಲಿ ಮಾಡಿ ನೋಡಬೇಕೆನ್ನುವ ಸಸ್ಯಾಹಾರಿಗಳಿಗೆ ಇದೇ ಸುಲಭದ ದಾರಿ.

ಜರ್ಮನಿಯಲ್ಲಿ ಯುದ್ಧಕಾಲದಲ್ಲಿ ಕಾಫಿ ಬೀಜ ಸಿಗದಾಗ ಓಕ್ ಕಾಯಿ ಹುರಿದು ‘ಕಾಫಿ’ ಮಾಡಿ ಕುಡಿದರು. ಚಿಕೋರಿಯನ್ನೇ ಬೈಯುವ ನಮ್ಮ ಜನ ಅದನ್ನು ಹೇಗೆ ಸಹಿಸುತ್ತಿದ್ದರೋ!

ಸ್ಪೇನಿನ ಹ್ಯಾಮ್ ಪ್ಯಾಕೆಟ್ಟಿನ ಮೇಲೆ ‘ಬೆಯೋತ’ ಅಂತ ಇರುತ್ತಲ್ಲ?

ಅದೇ ಪದ. ಸ್ಪೇನಿನ ನೈಋತ್ಯ ಭಾಗದಲ್ಲಿ ‘ದೆಹೆಸ’ ಎಂಬ ಓಕ್ ಹುಲ್ಲುಗಾವಲುಗಳಿವೆ. ಸುಮಾರು ಅಕ್ಟೋಬರಿನಿಂದ ಚಳಿಗಾಲ ಮುಗಿಯುವವರೆಗೆ ಅಲ್ಲಿನ ಇಬೇರಿಕೊ ತಳಿಯ ಹಂದಿಗಳನ್ನು ಬಿಟ್ಟು ಮೇಯಿಸುತ್ತಾರೆ. ಉದುರಿದ ಓಕ್ ಕಾಯಿ ತಿಂದು ಅವು ಕೊಬ್ಬುತ್ತವೆ, ಮಾಂಸಕ್ಕೆ ಬೇರೆಯದೇ ರುಚಿ ಬರುತ್ತದೆ. ಹ್ಯಾಮ್ ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿಯ ತೊಡೆ. ಮಾರಾಟಕ್ಕಿಟ್ಟ ಆ ಕಾಲಿಗೆ ಕಪ್ಪು ಪಟ್ಟಿ ಇದ್ದರೆ ಅಪ್ಪ ಅಮ್ಮ ಎರಡೂ ಕಡೆ ಶುದ್ಧ ಇಬೇರಿಕೊ, ಓಕ್ ಕಾಯಿ ತಿಂದದ್ದು ಎಂದರ್ಥ. ಕೆಂಪು ಪಟ್ಟಿ ಅಂದರೆ ಓಕ್ ಕಾಯಿ ತಿಂದದ್ದೇ, ಆದರೆ ಮಿಶ್ರತಳಿ.

ಹಂದಿ ತಿನ್ನುತ್ತದೆ ಅಂದ್ರೆ ದನಕ್ಕೂ ಹಾಕಬಹುದಾ?

ಬೇಡವೇ ಬೇಡ. ದನ, ಕುದುರೆಗಳಿಗೆ ಜಾಸ್ತಿ ತಿಂದರೆ ವಿಷ. ಮೂತ್ರಪಿಂಡ ಹಾಳಾಗುತ್ತದೆ. ಇಂಗ್ಲೆಂಡಿನ ನ್ಯೂ ಫಾರೆಸ್ಟ್‌ನಲ್ಲಿ ಇದಕ್ಕೆ ಹಳೇ ಉಪಾಯ ಒಂದಿದೆ. ಕಾಯಿ ಉದುರುವ ಕಾಲಕ್ಕೆ ಊರವರು ತಮ್ಮ ಹಂದಿಗಳನ್ನು ಕಾಡಿಗೆ ಬಿಡುತ್ತಾರೆ. ಅವು ಕಾಯಿ ಮುಕ್ಕಿ ಖಾಲಿ ಮಾಡಿದರೆ ಅಲ್ಲೇ ಮೇಯುವ ಕುದುರೆ, ದನ ಬಚಾವ್. ಹೊರದೇಶದಲ್ಲಿ ನಾಯಿ ಸಾಕಿದವರೂ ಹುಷಾರು. ನಾಯಿಗೂ ಇದು ಒಳ್ಳೆಯದಲ್ಲ.

ಏಕಾರ್ನ್ ಸ್ಕ್ವಾಷ್ ಓಕ್‌ನಿಂದ ಬಂದದ್ದಾ?

ಅಲ್ಲ, ಅದು ಒಂದು ಜಾತಿಯ ಕುಂಬಳ. ಗೆರೆ ಗೆರೆ, ಕಡು ಹಸಿರು, ಒಂದು ತುದಿ ಚೂಪು. ಆಕಾರ ನೋಡಿ ಹೆಸರಿಟ್ಟಿದ್ದಾರೆ. ಅಮೆರಿಕದಲ್ಲಿರುವವರು ಹುಳಿಗೆ, ಪಲ್ಯಕ್ಕೆ ಧಾರಾಳವಾಗಿ ಬಳಸಬಹುದು. ಸಿಪ್ಪೆ ಕಲ್ಲಿನಂತೆ ಗಟ್ಟಿ, ಬೆಂದ ಮೇಲೆ ತೆಗೆಯುವುದು ಸುಲಭ.

ಅಳಿಲು ನಿಜಕ್ಕೂ ಹೂತಿಟ್ಟು ಮರೆತುಬಿಡುತ್ತದಾ?

ಸ್ವಲ್ಪ ಮರೆಯುತ್ತದೆ, ಆದರೆ ಅದನ್ನು ದಡ್ಡ ಅನ್ನಬೇಡಿ. ಬಿಳಿ ಓಕ್ ಕಾಯಿ ಬಿದ್ದ ಕೂಡಲೇ ಮೊಳೆಯುತ್ತದೆ, ಹೂತಿಟ್ಟರೆ ಕೆಡುತ್ತದೆ. ಕೆಂಪು ಓಕ್ ಕಾಯಿ ವಸಂತದವರೆಗೆ ಸುಮ್ಮನಿರುತ್ತದೆ. ಅಮೆರಿಕದ ಬೂದು ಅಳಿಲಿಗೆ ಈ ವ್ಯತ್ಯಾಸ ಗೊತ್ತು. ಬಿಳಿ ಓಕ್‌ನದನ್ನು ಅಲ್ಲೇ ತಿನ್ನುತ್ತದೆ, ಇಲ್ಲವೇ ಮೊಳಕೆಯ ಭಾಗವನ್ನು ಹಲ್ಲಿನಿಂದ ಕಚ್ಚಿ ತೆಗೆದು ಆಮೇಲೆ ಹೂಳುತ್ತದೆ.

ಯುರೋಪಿನ ಜೇ ಹಕ್ಕಿ ಒಂದು ಋತುವಿನಲ್ಲಿ ಸಾವಿರಗಟ್ಟಲೆ ಕಾಯಿ ಹೂಳುತ್ತದೆ. ಉಳಿದುಹೋದವು ಮರವಾಗುತ್ತವೆ. ಗುಡ್ಡದ ಮೇಲ್ಭಾಗಕ್ಕೆ ಓಕ್ ಕಾಡು ಹತ್ತುವುದು ಹೀಗೆಯೇ. ಇನ್ನು ಏಕಾರ್ನ್ ಮರಕುಟಿಗ. ಅಮೆರಿಕದ ಪಶ್ಚಿಮ ಭಾಗದ ಹಕ್ಕಿ ಇದು. ಒಣಮರದಲ್ಲಿ ಕಾಯಿಗೊಂದು ತೂತು ಕೊರೆದು, ಅಳತೆಗೆ ಸರಿಯಾಗಿ ಒಂದೊಂದನ್ನೇ ಕೂರಿಸುತ್ತದೆ. ಕಾಯಿ ಒಣಗಿ ಸಡಿಲವಾದರೆ ತೆಗೆದು ಇನ್ನೊಂದು ಚಿಕ್ಕ ತೂತಿಗೆ ಹಾಕುತ್ತದೆ. ಇಡೀ ಸಂಸಾರ ಸೇರಿ ತಲೆಮಾರುಗಳಿಂದ ಕೊರೆದ ಒಂದೇ ಮರದಲ್ಲಿ 50,000 ಕಾಯಿಗಳವರೆಗೆ ಇರುವುದುಂಟು.

ಮರವೂ ಕಮ್ಮಿ ಏನಲ್ಲ. ಕೆಲವು ವರ್ಷ ಕಾಯಿ ಬಿಡುವುದೇ ಅಪರೂಪ. ಆಮೇಲೆ ಒಂದು ವರ್ಷ ಊರಿನ ಎಲ್ಲಾ ಮರಗಳೂ ಒಟ್ಟಿಗೆ ಸುರಿಸುತ್ತವೆ. ತಿನ್ನುವವರ ಹೊಟ್ಟೆ ತುಂಬಿ ಮಿಕ್ಕಿದ್ದು ಮೊಳೆಯುತ್ತದೆ.

ಓಕ್ ಮತ್ತು ಕಾರ್ನ್ ಸೇರಿ ಏಕಾರ್ನ್ ಆಯಿತು ಅಂತಾರೆ, ಹೌದಾ?

ಕೇಳುವುದಕ್ಕೆ ಸರಿಯಾಗಿದೆ, ನಿಜ ಮಾತ್ರ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಅದು ‘ಆಚೆರ್ನ್’. ಓಕ್ ಪದಕ್ಕಿಂತ ಅದರ ಸಂಬಂಧ ಇರುವುದು ಹೊಲದ ಅಳತೆಯ ‘ಎಕರೆ’ ಪದಕ್ಕೆ. ಬಯಲಿನ, ಕಾಡಿನ ಫಸಲು ಎಂಬಂಥ ಅರ್ಥ. ಆಮೇಲೆ ಜನ ತಮಗೆ ತಿಳಿದಂತೆ ಅದರೊಳಗೆ ಓಕ್, ಕಾರ್ನ್ ಎರಡನ್ನೂ ಕಂಡುಕೊಂಡು ಕಾಗುಣಿತವನ್ನೇ ಬದಲಿಸಿದರು. ಬೆಂದಕಾಳೂರಿನಿಂದ ಬೆಂಗಳೂರು ಆಯಿತು ಎಂಬ ಕತೆಯೂ ಇದೇ ಜಾತಿ. ಆ ಕತೆಯ ಬಲ್ಲಾಳ ರಾಜನಿಗಿಂತ ಹಳೆಯದಾದ, ಸುಮಾರು ಕ್ರಿ.ಶ. 890ರ ಬೇಗೂರು ಶಾಸನದಲ್ಲೇ ‘ಬೆಂಗಳೂರು’ ಇದೆ.

ತಮಾಷೆ ಇಲ್ಲಿಗೆ ಮುಗಿಯುವುದಿಲ್ಲ. ಕೇಳಿಸಿದ್ದನ್ನು ತಪ್ಪಾಗಿ, ಆದರೆ ಅರ್ಥವಾಗುವ ಹಾಗೆ ಬದಲಿಸಿಕೊಳ್ಳುವುದಕ್ಕೆ ಭಾಷಾಶಾಸ್ತ್ರದಲ್ಲಿ ‘ಎಗ್‌ಕಾರ್ನ್’ ಎನ್ನುತ್ತಾರೆ. ಒಬ್ಬಾಕೆ ಏಕಾರ್ನ್ ಅನ್ನು ಎಗ್ ಕಾರ್ನ್ ಎಂದು ಬರೆದದ್ದು 2003ರಲ್ಲಿ ಚರ್ಚೆಗೆ ಬಂತು. ಇಂಥ ತಪ್ಪಿಗೆ ಅದನ್ನೇ ಹೆಸರಾಗಿಡೋಣ ಎಂದವರು ಭಾಷಾಶಾಸ್ತ್ರಜ್ಞ ಜೆಫ್ರಿ ಪುಲಮ್.

ಪಿಯುಸಿಯಲ್ಲಿ ಓದುವ ಏಕಾರ್ನ್ ವರ್ಮ್ ಓಕ್ ಕಾಯಿ ತಿನ್ನುವ ಹುಳುವಾ?

ಅಲ್ಲ. ಪ್ರಥಮ ಪಿಯುಸಿಯ ಪ್ರಾಣಿಲೋಕದ ಪಾಠದಲ್ಲಿ ಬರುವ ಬೆಲನೊಗ್ಲಾಸಸ್ ಕಡಲಿನ ಜೀವಿ. ಮರಳು, ಕೆಸರು ಕೊರೆದು ಒಳಗೆ ಬದುಕುತ್ತದೆ. ಮೈಯಲ್ಲಿ ಮೂರು ಭಾಗ: ಮುಂದೆ ಮೊನಚಾದ ಪ್ರೊಬೊಸಿಸ್, ಅದರ ಹಿಂದೆ ಕಾಲರ್, ಆಮೇಲೆ ಉದ್ದನೆಯ ಕಾಂಡ. ಪ್ರೊಬೊಸಿಸ್ ಕಾಲರಿನಲ್ಲಿ ಕೂತಿರುವ ರೀತಿ ಓಕ್ ಕಾಯಿ ಬಟ್ಟಲಿನಲ್ಲಿ ಕೂತಂತೆ ಕಾಣುತ್ತದೆ. ಗ್ರೀಕ್ ಭಾಷೆಯಲ್ಲಿ ಬೆಲನೋಸ್ ಅಂದರೆ ಓಕ್ ಕಾಯಿ, ಗ್ಲೋಸ್ಸ ಅಂದರೆ ನಾಲಿಗೆ.

ಪರೀಕ್ಷೆಗೆ ಓದುವವರು ಒಂದು ಮಾತು ನೆನಪಿಡಿ. ಈ ಹುಳು ಸೇರಿದ ಹೆಮಿಕಾರ್ಡೇಟ ಗುಂಪನ್ನು ಮೊದಲು ಕಾರ್ಡೇಟದ ಉಪವಂಶ ಎನ್ನುತ್ತಿದ್ದರು. ಈಗ ಅದು ನಾನ್‌ಕಾರ್ಡೇಟದಲ್ಲಿ ಬೇರೆಯೇ ವಂಶ. ಎಂಟ್ರೆನ್ಸ್ ಪರೀಕ್ಷೆಯಲ್ಲಿ ಇಲ್ಲೇ ಎಡವಿಸುವುದು.

ಏಕಾರ್ನ್ ಬಾರ್ನಕಲ್ ಅಂದ್ರೆ?

ಕಾರವಾರ, ಗೋಕರ್ಣದಲ್ಲಿ ನೀರು ಇಳಿದಾಗ ಬಂಡೆ ಮೇಲೆ ಬರಿಗಾಲಲ್ಲಿ ನಡೆದರೆ ಚುಚ್ಚುತ್ತವಲ್ಲ, ಸುಣ್ಣದ ಪುಟ್ಟ ಗೋಪುರಗಳು, ಆ ಗುಂಪಿನವು. ಚಿಪ್ಪಿನಂತೆ ಕಂಡರೂ ಅವು ಏಡಿ, ಸೀಗಡಿಯ ನೆಂಟರು. ಒಮ್ಮೆ ಅಂಟಿಕೊಂಡರೆ ಜೀವಮಾನ ಅಲ್ಲೇ. ದೋಣಿಯ ತಳಕ್ಕೆ ಅಂಟಿದರೆ ಕೆರೆಸುವುದೇ ಒಂದು ಕೆಲಸ.

ವೈದ್ಯಕೀಯದಲ್ಲಿ ಇದರ ಬಳಕೆ ಇದೆಯಾ?

ಇದೆ, ನೀವು ದಿನಾ ಕೇಳುತ್ತೀರಿ. ಲ್ಯಾಟಿನ್‌ನಲ್ಲಿ ಓಕ್ ಕಾಯಿಗೆ ಗ್ಲಾನ್ಸ್. ‘ಚಿಕ್ಕ ಓಕ್ ಕಾಯಿ’ ಎಂಬ ಅದರ ರೂಪದಿಂದಲೇ ‘ಗ್ಲ್ಯಾಂಡ್’ ಬಂದದ್ದು. ಥೈರಾಯ್ಡ್ ಗ್ಲ್ಯಾಂಡ್ ಎನ್ನುವಾಗಲೂ ಅದು ಅಲ್ಲಿರುತ್ತದೆ. ಶಿಶ್ನದ ತುದಿಗೆ ವೈದ್ಯರು ಇಂದಿಗೂ ಗ್ಲಾನ್ಸ್ ಎಂದೇ ಹೇಳುತ್ತಾರೆ, ಆಕಾರದ ಕಾರಣಕ್ಕೆ.

ರೋಮನ್ ಸೈನಿಕರು ಕವಣೆಯಲ್ಲಿ ಬೀಸುತ್ತಿದ್ದ ಸೀಸದ ಗುಂಡಿಗೂ ಅದೇ ಹೆಸರು. ಕೆಲವು ಗುಂಡುಗಳ ಮೇಲೆ ಶತ್ರುವಿಗೆ ಬೈಗುಳ ಅಚ್ಚುಹಾಕಿರುವುದು ಸಿಕ್ಕಿದೆ.

ಏಕಾರ್ನ್ ನಟ್ ಎಲ್ಲಿ ಬಳಸುತ್ತಾರೆ?

ಅಂಗಡಿಯಲ್ಲಿ ಡೋಮ್ ನಟ್ ಅಥವಾ ಕ್ಯಾಪ್ ನಟ್ ಎಂದು ಕೇಳಿ. ಒಂದು ಕಡೆ ಗುಂಡಗೆ ಮುಚ್ಚಿರುವ ನಟ್ ಅದು. ಬೋಲ್ಟಿನ ತುದಿ ಹೊರಗೆ ಕಾಣುವುದಿಲ್ಲ, ಮೈಗೆ ತರಚುವುದಿಲ್ಲ, ಬೋಲ್ಟಿನ ಥ್ರೆಡ್ಡಿಗೆ ತುಕ್ಕೂ ಬೇಗ ಹಿಡಿಯುವುದಿಲ್ಲ. ಮಕ್ಕಳ ಸೈಕಲ್, ತೊಟ್ಟಿಲು, ಬೈಕಿನ ಕೆಲವು ಜಾಗದಲ್ಲಿ ನೋಡಿರುತ್ತೀರಿ.

ಹಾಕುವಾಗ ಬೋಲ್ಟಿನ ಉದ್ದ ನೋಡಿಕೊಳ್ಳಿ. ಉದ್ದ ಜಾಸ್ತಿ ಆದರೆ ತುದಿ ಒಳಗಿನ ಗುಮ್ಮಟಕ್ಕೆ ತಾಗಿ ನಿಲ್ಲುತ್ತದೆ. ಸ್ಪ್ಯಾನರಿಗೆ ಟೈಟ್ ಆದಂತೆ ಅನಿಸುತ್ತದೆ, ಆದರೆ ವಾಷರ್ ಬೆರಳಲ್ಲಿ ತಿರುಗುತ್ತಿರುತ್ತದೆ. ವಾಷರ್ ತಿರುಗಿದರೆ ಬೋಲ್ಟ್ ಬದಲಿಸಿ. ತೊಟ್ಟಿಲಿಗಂತೂ ಇದನ್ನು ಎರಡು ಸಲ ನೋಡಿ.

ಏಕಾರ್ನ್ ಕಂಪ್ಯೂಟರ್ಸ್ ಅಂದ್ರೆ ಯಾರು? ಆ ಹೆಸರು ಯಾಕೆ?

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹರ್ಮನ್ ಹೌಸರ್, ಕ್ರಿಸ್ ಕರಿ ಎಂಬ ಇಬ್ಬರು 1978ರ ಡಿಸೆಂಬರಿನಲ್ಲಿ ಶುರುಮಾಡಿದ ಕಂಪನಿ. ಚಿಕ್ಕದರಿಂದ ಬೆಳೆಯುವ ಸಂಕೇತ ಇತ್ತು ನಿಜ. ಅದಕ್ಕಿಂತ ಜಾಣತನದ ಕಾರಣ ಇನ್ನೊಂದಿತ್ತು: ಟೆಲಿಫೋನ್ ಡೈರೆಕ್ಟರಿಯಲ್ಲಿ ಆಪಲ್‌ಗಿಂತ ಮುಂಚೆ ಹೆಸರು ಬರಬೇಕು! 1981ರಲ್ಲಿ ಬಿಬಿಸಿಗಾಗಿ ಮಾಡಿದ ‘ಬಿಬಿಸಿ ಮೈಕ್ರೊ’ ಬ್ರಿಟನ್ನಿನ ಶಾಲೆ ಶಾಲೆಗೂ ಹೋಯಿತು, 10 ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು.

ಭಾರತಕ್ಕೂ ಅದು ಬಂದಿತ್ತು. 1984ರಲ್ಲಿ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಲ್ಲಿ ಶಾಲೆಗಳಿಗೆ ಕೊಟ್ಟದ್ದು ಇದೇ ಬಿಬಿಸಿ ಮೈಕ್ರೊ. ಆ ಕಾಲದಲ್ಲಿ ಹೈಸ್ಕೂಲಿನಲ್ಲಿದ್ದು, ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ರೂಮಿಗೆ ಹೋಗಿದ್ದರೆ, ನಿಮ್ಮ ಬೆರಳು ಒತ್ತಿದ ಮೊದಲ ಕೀಬೋರ್ಡ್ ಏಕಾರ್ನ್‌ದೇ ಇರಬಹುದು.

ನಮ್ಮ ಮೊಬೈಲಿನಲ್ಲೂ ಏಕಾರ್ನ್ ಇದೆ ಅನ್ನೋದು ನಿಜವಾ?

ಹೆಸರಿನ ಮೊದಲಕ್ಷರದಲ್ಲಿ ಇತ್ತು. ಮೊಬೈಲ್ ಪ್ರೊಸೆಸರುಗಳ ಹಿಂದಿರುವ ‘ಆರ್ಮ್’ ವಿನ್ಯಾಸದ ಮೂಲ ಹೆಸರು ಏಕಾರ್ನ್ ರಿಸ್ಕ್ ಮಷೀನ್. ಇಲ್ಲಿ ರಿಸ್ಕ್ ಅಂದರೆ ಅಪಾಯವಲ್ಲ, ಸರಳ ಆದೇಶಗಳಲ್ಲಿ ಕೆಲಸ ಮಾಡುವ ಚಿಪ್ಪಿನ ಬಗೆ. 1983ರಲ್ಲಿ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಸಣ್ಣ ತಂಡ ಕಟ್ಟಿಕೊಂಡು ಕೆಲಸ ಶುರುಮಾಡಿದರು. ಅಗ್ಗದ ಪ್ಲಾಸ್ಟಿಕ್ ಕವಚದಲ್ಲಿ ಚಿಪ್ ಕೂರಬೇಕಿತ್ತು. ಹೆಚ್ಚು ಬಿಸಿಯಾದರೆ ಪ್ಲಾಸ್ಟಿಕ್ ತಡೆಯುವುದಿಲ್ಲ. ಹಾಗಾಗಿ ಕರೆಂಟ್ ಕಮ್ಮಿ ತಿನ್ನಲೇಬೇಕಿತ್ತು. ಮೊಬೈಲ್ ಫೋನಿನ ಯೋಚನೆ ಆಗ ಯಾರಿಗೂ ಇರಲಿಲ್ಲ.

1985ರ ಏಪ್ರಿಲ್ 26ರಂದು ಮೊದಲ ಚಿಪ್ ಕೈಗೆ ಬಂತು, ಅವತ್ತೇ ಕೆಲಸವನ್ನೂ ಮಾಡಿತು. ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಆಮೇಲೆ ಫರ್ಬರ್ ಮೀಟರ್ ಇಟ್ಟರೆ ಮುಳ್ಳು ಸೊನ್ನೆಯಲ್ಲಿ. ನೋಡಿದರೆ ಬೋರ್ಡಿನಲ್ಲಿ ಚಿಪ್ಪಿಗೆ ಪವರ್ ಕನೆಕ್ಷನ್ನೇ ಕೊಟ್ಟಿರಲಿಲ್ಲ. ಅಕ್ಕಪಕ್ಕದ ಸಿಗ್ನಲ್ ತಂತಿಗಳಿಂದ ಸೋರಿ ಬಂದ ಕರೆಂಟಿನಲ್ಲೇ ಅದು ಓಡುತ್ತಿತ್ತು!

1990ರ ನವೆಂಬರಿನಲ್ಲಿ ಏಕಾರ್ನ್, ವಿಎಲ್‌ಎಸ್‌ಐ ಟೆಕ್ನಾಲಜಿ ಮತ್ತು ಆಪಲ್ ಸೇರಿ ಬೇರೆ ಕಂಪನಿ ಮಾಡಿದವು. ಡೈರೆಕ್ಟರಿಯಲ್ಲಿ ಹಿಂದೆ ಹಾಕಬೇಕೆಂದಿದ್ದ ಅದೇ ಆಪಲ್. ಹೆಸರಿನಲ್ಲಿದ್ದ ಏಕಾರ್ನ್ ತೆಗೆದು ‘ಅಡ್ವಾನ್ಸ್ಡ್’ ಎಂದು ಹಾಕಿದರು. ಕೇಂಬ್ರಿಜ್ ಹತ್ತಿರದ ಹಳ್ಳಿಯೊಂದರ ಧಾನ್ಯ ಇಡುವ ಹಳೇ ಕಣಜದ ಮನೆಯಲ್ಲಿ 12 ಎಂಜಿನಿಯರುಗಳಿಂದ ಕೆಲಸ ನಡೆಯಿತು. 2016ರಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ ಅದನ್ನು 2,400 ಕೋಟಿ ಪೌಂಡಿಗೂ ಹೆಚ್ಚು ಕೊಟ್ಟು ಕೊಂಡಿತು. ಆರ್ಮ್‌ನ ದೊಡ್ಡ ವಿನ್ಯಾಸ ಕೇಂದ್ರವೊಂದು ಬೆಂಗಳೂರಿನಲ್ಲಿದೆ. ತಾಯಿ ಕಂಪನಿ ಏಕಾರ್ನ್ ಮಾತ್ರ 1999ರಲ್ಲಿ ಹೆಸರು ಬದಲಿಸಿಕೊಂಡು ಕಣ್ಮರೆಯಾಯಿತು.

ಸುದ್ದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರುತ್ತಿದ್ದ ಏಕಾರ್ನ್ ಯಾವುದು?

ಅದು ಅಮೆರಿಕದ ಒಂದು ಸಂಘಟನೆ. 1970ರಲ್ಲಿ ಆರ್ಕನ್ಸಾದಲ್ಲಿ ಹುಟ್ಟಿ, ಬಡವರ ವಸತಿ, ಕೂಲಿ, ಮತದಾರರ ನೋಂದಣಿಗೆ ಕೆಲಸ ಮಾಡಿತು. 2009ರಲ್ಲಿ ಗುಟ್ಟಾಗಿ ಚಿತ್ರಿಸಿದ ವೀಡಿಯೊಗಳ ಗದ್ದಲವಾಗಿ, 2010ರಲ್ಲಿ ಬಾಗಿಲು ಹಾಕಿತು. ಇದಲ್ಲದೆ ಬ್ರಿಟಿಷ್ ಧಾರಾವಾಹಿಗಳ ಏಕಾರ್ನ್ ಟಿವಿ ಇದೆ. ಚಿಲ್ಲರೆ ಹಣ ಹೂಡುವ ಅಮೆರಿಕದ ಏಕಾರ್ನ್ಸ್ ಆಪ್ ಇದೆ. ಜಾವಾಸ್ಕ್ರಿಪ್ಟ್ ಕೋಡ್ ಬಿಡಿಸಿ ಓದುವ ಸಾಧನಕ್ಕೂ ಅದೇ ಹೆಸರು. ಇವು ಒಂದಕ್ಕೊಂದು ಸಂಬಂಧವಿಲ್ಲದವು.

ಇಂಗ್ಲೆಂಡಿನ ಕಾಲುದಾರಿಗಳಲ್ಲಿ ಕಾಣುವ ಏಕಾರ್ನ್ ಗುರುತು?

ರಾಷ್ಟ್ರೀಯ ಕಾಲುದಾರಿಗಳ ಚಿಹ್ನೆ ಅದು. ಮೊದಲನೆಯದು 1965ರಲ್ಲಿ ತೆರೆದ ಪೆನೈನ್ ವೇ. ಕವಲು ಬಂದಾಗ ಗೇಟು, ಕಂಬಗಳ ಮೇಲೆ ಏಕಾರ್ನ್ ಹುಡುಕಿ ಹೋದರೆ ದಾರಿ ತಪ್ಪುವುದಿಲ್ಲ. ಹಳೇ ಮನೆಗಳ ಕಿಟಕಿ ಪರದೆಯ ದಾರದ ತುದಿಗೂ ಮರದ ಏಕಾರ್ನ್ ಕಟ್ಟಿರುತ್ತಾರೆ. ಕಿಟಕಿಯಲ್ಲಿ ಏಕಾರ್ನ್ ಇದ್ದರೆ ಸಿಡಿಲು ಬಡಿಯುವುದಿಲ್ಲ ಎಂಬ ನಂಬಿಕೆ. ಜರ್ಮನಿಯ ಇಸ್ಪೀಟಿನಲ್ಲಿ ಕ್ಲಾವರ್ ಜಾಗದಲ್ಲಿ ಏಕಾರ್ನ್ ಇರುತ್ತದೆ.

ಅಮೆರಿಕದಲ್ಲಿರುವ ಮೊಮ್ಮಗ ಏಕಾರ್ನ್ ಆರಿಸಿ ಮನೆಯಲ್ಲಿಟ್ಟ. ಬಿಳಿ ಹುಳು ಬರುತ್ತಿದೆ, ಏನು ಮಾಡಲಿ?

ಅದು ಏಕಾರ್ನ್ ಮೂತಿಹುಳುವಿನ ಮರಿ. ತಾಯಿ ಹುಳು ಎಳೆ ಕಾಯಿಯನ್ನು ಉದ್ದನೆಯ ಮೂತಿಯಿಂದ ಕೊರೆದು ಮೊಟ್ಟೆ ಇಟ್ಟಿರುತ್ತದೆ. ಕಾಯಿ ಉದುರಿದ ಮೇಲೆ ಮರಿ ಗುಂಡನೆಯ ತೂತು ಮಾಡಿಕೊಂಡು ಹೊರಬಂದು ಮಣ್ಣಿಗಿಳಿಯುತ್ತದೆ. ಮನುಷ್ಯರಿಗೆ ಏನೂ ಮಾಡುವುದಿಲ್ಲ, ಹೊರಗೆ ಬಿಡಿ. ಮುಂದಿನ ಸಲ ಆರಿಸಿ ತಂದದ್ದನ್ನು ಬಕೆಟ್ ನೀರಿಗೆ ಹಾಕಿ. ತೇಲಿದ್ದು ಹೆಚ್ಚಾಗಿ ಹುಳು ತಿಂದದ್ದು, ಮುಳುಗಿದ್ದು ಗಟ್ಟಿ. ಆಟಕ್ಕೆ, ಅಲಂಕಾರಕ್ಕೆ ಇಡುವುದನ್ನು ಅವನ್‌ನಲ್ಲಿ ಸಣ್ಣ ಬಿಸಿಯಲ್ಲಿ ಒಣಗಿಸಿದರೆ ಆಮೇಲೆ ತೊಂದರೆ ಇಲ್ಲ.

ಮೊಮ್ಮಗನಿಗೆ ಸೀಟಿ ಊದುವುದನ್ನು ಕಲಿಸಿ. ಖಾಲಿ ಬಟ್ಟಲಿನ ಬಾಯಿ ನಿಮ್ಮ ಕಡೆ ಇರಲಿ. ಎರಡೂ ಹೆಬ್ಬೆರಳನ್ನು ಅದರ ಮೇಲೆ ಅಡ್ಡವಿಟ್ಟು, ಮೇಲ್ಭಾಗದಲ್ಲಿ ಸಣ್ಣ ಮೂರು ಮೂಲೆಯ ಸಂದು ಬಿಡಿ. ತುಟಿಯನ್ನು ಬೆರಳ ಗಿಣ್ಣಿಗೆ ಒತ್ತಿ ಆ ಸಂದಿಗೆ ಊದಿ. ಮೊದಲು ಬರೀ ಗಾಳಿ ಬರುತ್ತದೆ. ಬೆರಳು ಸ್ವಲ್ಪ ಆಚೀಚೆ ಮಾಡಿದರೆ ಕಿವಿ ಗುಂಯ್‌ಗುಡುವಷ್ಟು ಜೋರು.

ಊರಿಗೆ ಬರುವಾಗ ನೆಡಲು ನಾಲ್ಕು ಏಕಾರ್ನ್ ತರಬಹುದಾ?

ಸೂಟ್‌ಕೇಸಿನಲ್ಲಿ ಸುಮ್ನೆ ಹಾಕಿಕೊಂಡು ಬರುವ ಹಾಗಿಲ್ಲ. ಬಿತ್ತನೆಗೆ ತರುವ ಬೀಜಕ್ಕೆ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಮೇಲೆ ಹೇಳಿದ ಹುಳು ನೆನಪಿದೆಯಲ್ಲ, ನಿಯಮ ಇರುವುದು ಅಂಥವಕ್ಕೇ. ಅದೂ ಅಲ್ಲದೆ ಓಕ್ ಕಾಯಿ ಒಣಗಿದರೆ ಸತ್ತಂತೆ. ರಾಗಿ, ಅವರೆಯ ಥರ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತುವ ಬೀಜ ಅಲ್ಲ ಇದು. ಆನ್‌ಲೈನಿನಲ್ಲಿ ಒಣಗಿದ ಓಕ್ ಬೀಜ ಮಾರುವವರಿಗೆ ದುಡ್ಡು ಕೊಡುವ ಮುಂಚೆಯೂ ಇದನ್ನೇ ಯೋಚಿಸಿ.